ಶೀಟ್ ಚಾವಣಿಯ ಕೋಣೆಗೆ ಶಾಖ ತಡೆಯಲು ಯಾವುದು ಹೊಂದುತ್ತದೆ: ಬಬಲ್ ಫಾಯಿಲ್, ಗ್ಲಾಸ್ ವೂಲ್, ಎಕ್ಸ್‌ಪಿಎಸ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 50 ಮಿ.ಮೀ. ಎಕ್ಸ್‌ಪಿಎಸ್ (ಗಟ್ಟಿ ಥರ್ಮಾಕೋಲಿನಂಥ ಫೋಮ್) ಬೋರ್ಡಿಗೆ. ಬೆಂಗಳೂರಿನ ತಾರಸಿ ಮೇಲೆ ಇಳಿಜಾರು ಶೀಟ್ ಹೊದಿಸಿದ ಕೋಣೆಗಳಲ್ಲಿ ಮೂರನ್ನೂ ಹಾಕಿ ನೋಡಿದ ಮೇಲಿನ ಮಾತು ಇದು.

ಬಬಲ್ ಫಾಯಿಲ್ (ಗಾಳಿಗುಳ್ಳೆಯ ಹಾಳೆಗೆ ಹೊಳೆಯುವ ಫಾಯಿಲ್ ಅಂಟಿಸಿದ್ದು) ಅಗ್ಗ, ಅರ್ಧ ದಿನದ ಕೆಲಸ. ಆದರೆ ಹೊಳೆಯುವ ಮುಖದ ಎದುರು ಒಂದು ಇಂಚಾದರೂ ಗಾಳಿಯ ಜಾಗ ಬೇಕು. ಶೀಟಿಗೆ ಅಂಟಿಸಿಬಿಟ್ಟರೆ ಶಾಖ ನೇರ ದಾಟುತ್ತದೆ, ಹೊಳಪಿದ್ದೂ ಪ್ರಯೋಜನವಿಲ್ಲ. ಬಾಡಿಗೆ ಮನೆಗೆ ಸಾಕು.

ಗ್ಲಾಸ್ ವೂಲ್ (ಗಾಜಿನ ಎಳೆಗಳ ಉಣ್ಣೆ) ತಡೆಯುವ ಶಾಖ ಹೆಚ್ಚುಕಡಿಮೆ ಎಕ್ಸ್‌ಪಿಎಸ್‌ನಷ್ಟೇ. ಮಳೆ ಸದ್ದಿಗಂತೂ ಇದೇ ಮೇಲು. ತಕರಾರು ಶುರುವಾಗುವುದು ಚಳಿಗಾಲದಲ್ಲಿ. ಡಿಸೆಂಬರ್, ಜನವರಿಯ ಮೋಡವಿಲ್ಲದ ರಾತ್ರಿ ಶೀಟು ಹೊರಗಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಕಿಟಕಿ ಮುಚ್ಚಿ ಮಲಗಿದವರ ಉಸಿರಿನ ತೇವ ಮೇಲೇರಿ ಉಣ್ಣೆಯೊಳಗೆ ನುಗ್ಗಿ ಶೀಟಿಗೆ ತಗುಲಿ ನೀರಾಗುತ್ತದೆ. ಬೆಳಗಾದರೆ ಶೀಟು ಬೆವರುತ್ತಿರುತ್ತದೆ. ಆ ಹನಿ ಉಣ್ಣೆಗೆ ಬಿದ್ದರೆ ಬೇಗ ಒಣಗುವುದಿಲ್ಲ, ಒದ್ದೆ ಉಣ್ಣೆ ಶಾಖವನ್ನೂ ತಡೆಯುವುದಿಲ್ಲ. ಜಿಪ್ಸಮ್ ಬೋರ್ಡಿನ ಮೇಲೆ ಹಳದಿ ಕಲೆ ಕಂಡಾಗ ಎಲ್ಲರೂ ಶೀಟು ಸೋರುತ್ತಿದೆ ಎಂದು ಸ್ಕ್ರೂ ವಾಷರ್ ಬದಲಿಸುತ್ತಾರೆ, ಕಲೆ ಮತ್ತೆ ಬರುತ್ತದೆ.

ಇದಕ್ಕೆ ಮದ್ದು, ತೇವ ಒಳಗೆ ನುಗ್ಗದಂತೆ ಉಣ್ಣೆಯ ಒಂದು ಬದಿಗೆ ಅಂಟಿರುವ ಫಾಯಿಲ್ ಮುಖವನ್ನು ಕೋಣೆಯ ಕಡೆಗೆ, ಅಂದರೆ ಕೆಳಗೆ ಮಾಡಿ ಪ್ರತಿ ಸಂದಿಗೂ ಫಾಯಿಲ್ ಟೇಪ್ ಹಚ್ಚುವುದು. ಕೆಲಸದವರು "ಬಿಸಿಲು ಮೇಲಿಂದ ತಾನೇ ಸಾರ್" ಎಂದು ಫಾಯಿಲ್ ಮೇಲಕ್ಕೆ ಮಾಡಿ ಹೋಗುತ್ತಾರೆ, ಎದುರಿಗೆ ನಿಂತೇ ಮಾಡಿಸಬೇಕು. ಇನ್ನೊಂದು, ಇಳಿಜಾರಿನಲ್ಲಿ ಉಣ್ಣೆ ದಿನ ಕಳೆದಂತೆ ಕೆಳಕ್ಕೆ ಜಾರಿ ಮೇಲ್ತುದಿ ಖಾಲಿಯಾಗುತ್ತದೆ. ಕೋಳಿ ಜಾಲರಿ ಬಿಗಿದೇ ಹಾಕಿಸಿ.

ಎಕ್ಸ್‌ಪಿಎಸ್ ನೀರು ಕುಡಿಯುವುದಿಲ್ಲ, ನನಗೆ ಅದೇ ಮುಖ್ಯ. 10×12 ಅಡಿ ಕೋಣೆಗೆ ಇಳಿಜಾರು ಸೇರಿ ಸುಮಾರು 130 ಚದರಡಿ; 1250×600 ಮಿ.ಮೀ. ಬೋರ್ಡು ವೇಸ್ಟ್ ಸೇರಿಸಿ 18 ಬೇಕು. ಮೆಟ್ಟಿಲಿನಂತೆ ಕತ್ತರಿಸಿದ ಶಿಪ್‌ಲ್ಯಾಪ್ ಅಂಚಿನದ್ದನ್ನೇ ಕೇಳಿ. ಹೆಂಚು ಹೊದಿಸಿದ ಹಾಗೆ ಮೇಲಿನ ಬೋರ್ಡಿನ ಅಂಚು ಕೆಳಗಿನದರ ಮೇಲೆ ಕೂರಬೇಕು. ಆಗ ಶೀಟಿನಿಂದ ಬಿದ್ದ ಹನಿ ಸಂದಿಗೆ ಇಳಿಯದೆ ಸೂರಿನತ್ತ ಹರಿದುಹೋಗುತ್ತದೆ. ತಿರುಗಾಮುರುಗಾ ಹಾಕಿದರೆ ಪ್ರತಿ ಸಂದಿಯೂ ಒಂದೊಂದು ತೊಟ್ಟಿ.

ಬೋರ್ಡನ್ನು ಶೀಟಿಗೆ ತಾಗಿಸಬೇಡಿ. ಇದು ಸುಮಾರು 75 ಡಿಗ್ರಿಗೆ ಮೆತ್ತಗಾಗುವ ವಸ್ತು. ಶೀಟನ್ನು ಹೊತ್ತ ಬಾಕ್ಸ್ ಪೈಪಿನ (ಚೌಕ ಕಬ್ಬಿಣದ ಪೈಪಿನ) ಅಡಿಗೆ ಹಿಡಿದರೆ ಪೈಪಿನಷ್ಟು ಗಾಳಿಯ ಜಾಗ ಉಳಿಯುತ್ತದೆ. ಸೂರಿನ ಬಾಯಿ, ಮೇಲ್ತುದಿ ಎರಡನ್ನೂ ಇಲಿ ನುಗ್ಗದಂತೆ ಜಾಲರಿ ಹಾಕಿ ತೆರೆದಿಡಿ. ಕೆಳಗಿನಿಂದ ಸಂದಿಗೆ ಟೇಪ್, ಗೋಡೆ ಅಂಚಿಗೆ ಪಿಯು ಫೋಮ್ (ಉಬ್ಬಿ ಗಟ್ಟಿಯಾಗುವ ನೊರೆ). ಬೋರ್ಡಿನ ಅಡಿಗೆ ಒಂದೂವರೆ ಅಡಿಗೊಂದರಂತೆ ಸೀಲಿಂಗ್ ಸೆಕ್ಷನ್ (ಜಿಪ್ಸಮ್ ಹಿಡಿಯುವ ತಗಡಿನ ಪಟ್ಟಿ) ಇಟ್ಟು, ಅದರ ಎರಡೂ ಅಂಚಿನ ಮೂಲಕ 75 ಮಿ.ಮೀ. ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ ಪೈಪಿಗೆ ಇಳಿಸಿ. ಕೊನೆಗೆ 12.5 ಮಿ.ಮೀ. ಜಿಪ್ಸಮ್. ಒಟ್ಟು ಮೂರೂವರೆ ಇಂಚು ಎತ್ತರ ಹೋಗುತ್ತದೆ, ತಗ್ಗು ಬದಿಯ ಬಾಗಿಲು ತೆರೆಯುತ್ತದೋ ಮೊದಲೇ ಅಳೆಯಿರಿ.

ಫ್ಯಾನ್ ಕೊಕ್ಕೆಯ ವೆಲ್ಡಿಂಗ್ ಬೋರ್ಡ್ ಬರುವ ಮುಂಚೆಯೇ ಮುಗಿಯಬೇಕು, ಕಿಡಿ ಬಿದ್ದರೆ ಹೊತ್ತಿಕೊಳ್ಳುತ್ತದೆ. ವೈರ್ ಕಾಂಡ್ಯೂಟ್ ಪೈಪಿನೊಳಗೇ ಇರಲಿ. ರಬ್ಬರ್ ಸೊಲ್ಯೂಷನ್ ಗಮ್ ಬೋರ್ಡನ್ನು ತಿಂದುಹಾಕುತ್ತದೆ, ಹಚ್ಚಲೇಬೇಡಿ.

ಶೀಟನ್ನೇ ಬದಲಿಸುವವರು ಪಫ್ ಪ್ಯಾನೆಲ್ (ಎರಡು ತಗಡಿನ ನಡುವೆ ಫೋಮ್ ತುಂಬಿದ್ದು) ನೋಡಲಿ.

ದುಡ್ಡಿನ ಲೆಕ್ಕದಲ್ಲಿ ಗ್ಲಾಸ್ ವೂಲ್ ಕಡಿಮೆ, ನಿಜ. ಆದರೆ ಫ್ರೇಮು, ಜಿಪ್ಸಮ್, ಕೂಲಿ ಎರಡಕ್ಕೂ ಇದ್ದದ್ದೇ. ಸೀಲಿಂಗ್ ಒಮ್ಮೆ ಬಿಚ್ಚಿಸಿದರೆ ಉಳಿಸಿದ್ದೆಲ್ಲ ಅಲ್ಲೇ ಕರಗುತ್ತದೆ. ಮಧ್ಯಾಹ್ನ ಕೂತು ಕೆಲಸ ಮಾಡುವ, ಮಳೆ ಸದ್ದಿಗೆ ನಿದ್ದೆ ಕೆಡದ ನನ್ನಂಥವರಿಗೆ ಎಕ್ಸ್‌ಪಿಎಸ್. ಸದ್ದಿಗೆ ಎಚ್ಚರವಾಗುವವರು ಗ್ಲಾಸ್ ವೂಲ್ ಹಾಕಿಸಿ, ಟೇಪ್ ಮಾತ್ರ ತಾವೇ ಹಚ್ಚಲಿ.