ಇವಿ ಕಾರಿಗೆ ಗುದ್ದಿದೆಯಾ? ಬ್ಯಾಟರಿ ಇಳಿಸಲು ಸಹಿ ಹಾಕುವ ಮೊದಲು ಇದನ್ನು ಓದಿ

ಮಂಗಳೂರು, ಉಡುಪಿ ಕಡೆ ಎಲೆಕ್ಟ್ರಿಕ್ ಕಾರು ಇಟ್ಟುಕೊಂಡವರೆಲ್ಲ ದಯವಿಟ್ಟು ಓದಿ. ಆಕ್ಸಿಡೆಂಟ್ ಆದ ಮೇಲೆ ಸರ್ವಿಸ್ ಸೆಂಟರ್‌ನವರು "ಬ್ಯಾಟರಿ ಹೋಗಿದೆ" ಅಂದರೆ ನಂಬಬೇಡಿ. ಟೆಸ್ಟ್ ರಿಪೋರ್ಟ್ ಕೇಳಿ. ಬಾಯಿ ಮಾತಲ್ಲ, ಕಾಗದದಲ್ಲಿ ಕೇಳಿ.

ಕೂಳೂರು ಸೇತುವೆ ಹತ್ತಿರ ಟೆಂಪೊ ಒಂದು ಹಿಂದಿನಿಂದ ಗುದ್ದಿತು, ನನ್ನ ಕಾರು ಹೋಗಿ ಡಿವೈಡರ್ ಹತ್ತಿತು. ಹಿಂದಿನ ಬಂಪರ್, ಡಿಕ್ಕಿ ಡೋರ್ ಹೋಯಿತು, ಅಡಿಭಾಗ ಉಜ್ಜಿತು. ಅಷ್ಟೇ. ಕಾರು ಆನ್ ಆಗುತ್ತಿತ್ತು, ಒಂದೇ ಒಂದು ವಾರ್ನಿಂಗ್ ಇರಲಿಲ್ಲ. ಆದರೂ ಟೋ ಮಾಡಿಸಿ ಕಂಪನಿ ಸರ್ವಿಸ್ ಸೆಂಟರ್‌ಗೇ ಕಳಿಸಿದೆ, ಯಾಕೆಂದರೆ ಅಡಿಯಲ್ಲಿ 300-400 ವೋಲ್ಟಿನ ಬ್ಯಾಟರಿ ಪ್ಯಾಕ್ ಇರುತ್ತದೆ, ಹೊರಗಿನ ಗ್ಯಾರೇಜಿನವರು ಮುಟ್ಟಲು ಹೆದರುತ್ತಾರೆ, ಗೊತ್ತಲ್ವಾ. ಆ ಹೆದರಿಕೆಯಲ್ಲೇ ಈ ಸರ್ವಿಸ್ ಸೆಂಟರ್‌ನವರು ದುಡ್ಡು ಮಾಡುವುದು.

"ಸುಮ್ನೆ ಫಾರ್ಮಾಲಿಟಿ ಸರ್, ಸರ್ವೇಯರ್ ಬರುವ ಮೊದಲು ಬ್ಯಾಟರಿ ಇಳಿಸಿ ಇಡ್ತೇವೆ" ಅಂತ ಸಹಿ ಹಾಕಿಸಿಕೊಂಡರು. (ಸರ್ವೇಯರ್ ಅಂದರೆ ಹಾನಿ ನೋಡಿ ಲೆಕ್ಕ ಹಾಕಲು ಇನ್ಶೂರೆನ್ಸ್ ಕಡೆಯಿಂದ ಬರುವವರು.) ಆಮೇಲೆ ಎಸ್ಟಿಮೇಟ್ ಬಂತು. 7 ಲಕ್ಷ! ಇಡೀ ಬ್ಯಾಟರಿ ಹೊಸದಂತೆ. ನನ್ನ ಪಾಲಿಸಿಯಲ್ಲಿ ಐಡಿವಿ, ಅಂದರೆ ಇನ್ಶೂರೆನ್ಸ್‌ನವರು ಕಾರಿಗೆ ಕಟ್ಟಿದ ಬೆಲೆ, 9 ಲಕ್ಷ. ರಿಪೇರಿ ಖರ್ಚು ಐಡಿವಿಯ ಶೇಕಡಾ 75 ದಾಟಿದರೆ ಟೋಟಲ್ ಲಾಸ್, ರಿಪೇರಿ ಮಾಡದೆ ಕಾರು ಪೂರ್ತಿ ಹೋಯಿತು ಅಂತ ಲೆಕ್ಕ. ಅಂದರೆ ಬಂಪರ್ ಒಡೆದ ಕಾರು ಸೀದಾ ಗುಜರಿಗೆ ಮಾರಾಯ್ರೇ!

ಯಾವ ಟೆಸ್ಟ್ ಮಾಡಿದ್ರಿ ಅಂತ ಕೇಳಿದೆ. "ಸಿಸ್ಟಮ್‌ನಲ್ಲಿ ತೋರಿಸ್ತದೆ ಸರ್." ಪ್ರಿಂಟ್ ಕೊಡಿ ಅಂದೆ. "ಅದಕ್ಕೆ ಬೆಂಗಳೂರಿನಿಂದ ಅಪ್ರೂವಲ್ ಬೇಕು." ಬೆಂಗಳೂರಿನವರ ನಂಬರ್ ಕೊಡಿ ಅಂದೆ. "ಎಂತ ಸರ್, ನಮ್ಮ ಮೇಲೆ ನಂಬಿಕೆ ಇಲ್ವಾ?" ಅದೂ ಗಟ್ಟಿಯಾಗಿ, ಕೌಂಟರ್‌ನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ. ನನಗೆ ಮುಖ ಎಲ್ಲಿಡಬೇಕು ಗೊತ್ತಾಗಲಿಲ್ಲ. ಗುದ್ದಿಸಿಕೊಂಡವನು ನಾನು, ಜಗಳಗಂಟನೂ ನಾನೇ!

ಕೊನೆಗೆ ಸರ್ವೇಯರ್‌ಗೆ ನಾನೇ ಫೋನ್ ಮಾಡಿದೆ. ಬ್ಯಾಟರಿಯಿಂದ ಕರೆಂಟ್ ಸೋರುತ್ತಿದೆಯಾ ಅಂತ ನೋಡುವ ಇನ್ಸುಲೇಷನ್ ಟೆಸ್ಟ್ ಬಗ್ಗೆ ಅವರು ಹೇಳಿದ್ದು ಕೇಳಿ ಕೈಕಾಲು ನಡುಗಿತು. "ಇನ್ಸುಲೇಷನ್ ಟೆಸ್ಟ್ ರಿಪೋರ್ಟ್ ನನಗೆ ಕೊಟ್ಟೇ ಇಲ್ಲ, ಬರೀ ಫೋಟೋ ಕಳಿಸಿದ್ದಾರೆ." ಫೋಟೋದಲ್ಲಿ ಏನಿತ್ತು? ಗೀರು ಬಿದ್ದ ಪ್ಲಾಸ್ಟಿಕ್ ಶೀಟ್. ಪ್ಯಾಕಿನ ಕವಚವೂ ಅಲ್ಲ, ಅದರ ಕೆಳಗಿನ ಶೀಟ್! ಅದಕ್ಕೆ 7 ಲಕ್ಷ.

ಕಾರು ಬೇರೆ ಕಡೆ ಒಯ್ಯುತ್ತೇನೆ ಅಂದರೆ, "ಬಿಚ್ಚಿದ ಚಾರ್ಜ್, ಪಾರ್ಕಿಂಗ್ ಚಾರ್ಜ್ ಕಟ್ಟಿ, ಫಾರ್ಮ್‌ನಲ್ಲಿ ಉಂಟಲ್ವಾ ಸರ್." ಹೌದು, ಉಂಟು. ಹಿಂಬದಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಸಹಿ ಹಾಕಿಸುವಾಗ ಅದರ ಬಗ್ಗೆ ಒಂದು ಮಾತಿಲ್ಲ.

ಟೋ ಮಾಡುವ ಮೊದಲು ಡ್ಯಾಶ್‌ಬೋರ್ಡ್, ಅಡಿಭಾಗ ಎರಡರದ್ದೂ ವಿಡಿಯೋ ತೆಗೆಯಿರಿ. ಸರ್ವೇಯರ್ ಎದುರಿಗಿಲ್ಲದೆ ಬ್ಯಾಟರಿ ಇಳಿಸಲು ಬಿಡಬೇಡಿ. ಜೀರೋ ಡೆಪ್ (ಭಾಗಗಳ ಸವಕಳಿ ಅಂತ ಹಣ ಕಡಿಯದ ಹೆಚ್ಚುವರಿ ಕವರ್) ಇದೆಯಾ ಇವತ್ತೇ ನೋಡಿ, ಇಲ್ಲದಿದ್ದರೆ ಮಾಮೂಲಿ ಪಾಲಿಸಿಯಲ್ಲಿ ಬ್ಯಾಟರಿಗೆ ಶೇಕಡಾ 50 ಕಡಿತ. ಇನ್ಶೂರೆನ್ಸ್‌ನವರು ದೂರು ಕೇಳದಿದ್ದರೆ ಬೆಂಗಳೂರಿನಲ್ಲಿ ಇನ್ಶೂರೆನ್ಸ್ ದೂರು ಕೇಳುವ ಒಂಬುಡ್ಸ್‌ಮನ್ ಇದ್ದಾರೆ, ಖರ್ಚಿಲ್ಲ.

ನಾನು ಬರವಣಿಗೆಯಲ್ಲಿ ದೂರು ಕೊಟ್ಟ ಮೇಲೆ ಅದೇ ಸರ್ವಿಸ್ ಸೆಂಟರ್‌ನ ಅಡ್ವೈಸರ್ ಫೋನ್ ಮಾಡಿ "ಸರ್, ಬ್ಯಾಟರಿ ಟೆಸ್ಟ್ ಮಾಡಿ ನೋಡುವ" ಅನ್ನುತ್ತಾರೆ. ಈಗ ನೋಡುವುದಂತೆ! ಬಿಚ್ಚಿದ ಚಾರ್ಜ್ ಒಂದು ರೂಪಾಯಿ ಕಟ್ಟುವುದಿಲ್ಲ. ಕೇಳಿದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.