ದಾವಣಗೆರೆಯಲ್ಲಿ ‘ಬ್ರಿಟಿಷರ ಕಾಲದ ಕಪ್ಪು ಬಸಿ’ ಕೊಳ್ಳುವವರು ಇದನ್ನು ಓದಿ

ಹಳೇ ಟೀ ಕಪ್ಪುಗಳ ಸಂಗ್ರಹ ಶುರು ಮಾಡಬೇಕು ಅಂತಿರುವವರು ದಯವಿಟ್ಟು ದುಡ್ಡು ಕೊಡುವ ಮೊದಲು ಇದನ್ನು ಓದಿ. ಹಳೇಪೇಟೆ ಕಡೆ ಹಳೇ ಸಾಮಾನು ಮಾರುವ ಒಬ್ಬ ಆಸಾಮಿ ನನಗೆ ಆರು ಕಪ್ಪು, ಆರು ಬಸಿ 4,800 ರೂಪಾಯಿಗೆ ಕಟ್ಟಿದ್ದಾನೆ. 1890ನೇ ಇಸವಿ ಮಾಲಂತೆ. 1990ರದ್ದೂ ಇರಲಿಕ್ಕಿಲ್ಲ. ಬರೆಯುತ್ತಾ ಕೂತರೆ ಇನ್ನೂ ಮೈ ಉರಿಯುತ್ತದೆ.

ಅವನ ಮಾತು ಕೇಳಿದ್ದರೆ ನೀವೂ ನಂಬುತ್ತಿದ್ದಿರಿ. ಕಪ್ಪಿಗೆ ಚಮಚದಿಂದ ಟಿಂಗ್ ಅಂತ ಬಾರಿಸಿ ತೋರಿಸಿದ. “ನೋಡ್ರಿ ಅಕ್ಕಾರೇ, ಬೋನ್ ಚೈನಾ ಅಂದ್ರ ಇದು” ಅಂದ. ಬಾಯಂಚಿಗೆ ಬಂಗಾರದ ಗೆರೆ, ಮೈಮೇಲೆ ಗುಲಾಬಿ ಹೂವು, ಅಲ್ಲಲ್ಲಿ ಕೂದಲೆಳೆಯಂಥ ಕಂದು ಬಿರುಕು. ನೋಡೋಕೆ ಚೆಂದ ಇತ್ತು, ಸುಳ್ಳು ಯಾಕೆ ಹೇಳಲಿ.

ತಳದಲ್ಲಿ ದುಂಡಗಿನ ಒಂದು ಸ್ಟಿಕ್ಕರ್ ಇತ್ತು. ಕೀಳಲು ಹೋದೆ, ಕೈ ಹಿಡಿಯಲು ಬಂದವನ ಹಾಗೆ ತಡೆದ. “ಅದು ಹರಾಜಿನ ನಂಬರ್ರಿ. ಕಿತ್ತರೆ ಬೆಲೆ ಹೋಗ್ತದ.” ಹಾಗಾದರೆ ಕಂಪನಿ ಸೀಲು ಎಲ್ಲಿ, ಇಂಗ್ಲೆಂಡ್ ಅಂತ ಯಾಕಿಲ್ಲ ಅಂದೆ. ಅದಕ್ಕೂ ಉತ್ತರ ತಯಾರಿತ್ತು. 1891ಕ್ಕಿಂತ ಹಿಂದಿನ ಮಾಲಿಗೆ ದೇಶದ ಹೆಸರು ಹಾಕುತ್ತಿರಲಿಲ್ಲವಂತೆ. ಇಲ್ಲೇ ನೋಡಿ ಇವನ ಚಾಲಾಕಿ. ಈ ಮಾತಿನಲ್ಲಿ ಅರ್ಧ ನಿಜ ಇದೆ. ತನ್ನಲ್ಲಿಗೆ ಬರುವ ಹೊರದೇಶದ ಮಾಲಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ ಅಮೆರಿಕ 1891ರಲ್ಲಿ ಜಾರಿಗೆ ತಂದಿತು. ಆಮೇಲೆಯೇ ಇಂಗ್ಲೆಂಡಿನ ಕಪ್ಪುಗಳ ತಳದಲ್ಲಿ ‘ಇಂಗ್ಲೆಂಡ್’ ಅಂತ ಬರುವುದು ಜಾಸ್ತಿಯಾಯಿತು. ‘ಮೇಡ್ ಇನ್ ಇಂಗ್ಲೆಂಡ್’ ಅಂತ ಪೂರ್ತಿ ಬರೆಯುವುದು ಇನ್ನೂ ಆಮೇಲಿನದು. ನಾನು ಇದನ್ನು ಓದಿದ್ದೆ. ಹಾಗಾಗಿ, ಪರವಾಗಿಲ್ಲ, ಈತನಿಗೆ ವಿಷಯ ಗೊತ್ತಿದೆ ಅಂದುಕೊಂಡೆ. ಸುಮ್ನೆ 1890 ಅನ್ನಲಿಲ್ಲ ಅವನು. ಲೆಕ್ಕ ಹಾಕಿಯೇ ಅಂದಿದ್ದಾನೆ.

ಎಲ್ಲಿಂದ ಬಂತು ಅಂತ ಕೇಳಿದ್ದಕ್ಕೆ ಹರಿಹರದ ಹತ್ತಿರ ಬ್ರಿಟಿಷ್ ಕಲೆಕ್ಟರ್ ಬಂಗಲೆ ಅಂದ. 1890ರಲ್ಲಿ ಹರಿಹರಕ್ಕೆ ಯಾವ ಕಲೆಕ್ಟರ್ರು? ಹರಿಹರ ಇದ್ದದ್ದು ಮೈಸೂರು ಸಂಸ್ಥಾನದಲ್ಲಿ, ಅದು 1881ರಲ್ಲೇ ಒಡೆಯರ ಕೈಗೆ ವಾಪಸ್ ಬಂದಿತ್ತು. ನಮ್ಮ ಕಡೆ ಇದ್ದವರು ಅಮಲ್ದಾರರು, ಮೇಲೆ ಡೆಪ್ಯುಟಿ ಕಮಿಷನರು. ಕಲೆಕ್ಟರ್ ಬೇಕಿದ್ದರೆ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಬಳ್ಳಾರಿಗೆ ಹೋಗಬೇಕಿತ್ತು. ಇದು ನನಗೆ ಹೊಳೆದದ್ದು ದುಡ್ಡು ಫೋನ್‌ಪೇ ಆದಮೇಲೆ.

ಭಾನುವಾರ ನಾದಿನಿ ಮನೆಯವರೆಲ್ಲ ಬಂದಿದ್ದರು. ಹೊಸ ಕಪ್ಪಿನಲ್ಲೇ, ಅಂದರೆ ಹಳೇ ಕಪ್ಪಿನಲ್ಲೇ ಟೀ ಕೊಡೋಣ ಅಂತ ಬಿಸಿನೀರಲ್ಲಿ ಪಾತ್ರೆ ಪುಡಿ ಹಾಕಿ ನೆನೆಸಿಟ್ಟೆ. ಮೊದಲ ಕಪ್ಪು ಉಜ್ಜುತ್ತಿದ್ದ ಹಾಗೇ ಬಂಗಾರದ ಗೆರೆ ಸ್ಪಂಜಿಗೆ ಬಂತು. ಸುಟ್ಟು ಕೂರಿಸಿದ ಬಂಗಾರ ಒಂದೇ ತೊಳೆತಕ್ಕೆ ಹೋಗಲ್ಲ, ಇದು ಬ್ರಷ್ಷಿನಲ್ಲಿ ಎಳೆದ ಪೇಂಟು. ಆಮೇಲೆ ಕಂದು ಬಿರುಕು. ನಿಜವಾದ ಹಳೇ ಕಪ್ಪಿನಲ್ಲಿ ಬಿರುಕು ಮೇಲಿನ ಹೊಳಪಿನ ಪದರದೊಳಗೆ ಇರುತ್ತದೆ, ಕಲೆ ಒಳಗೇ ಇಳಿದಿರುತ್ತದೆ. ಇದರದ್ದು ನೀರಿಗೆ ಬಿಟ್ಟು ಸಿಂಕಿನ ನೀರೆಲ್ಲ ಡಿಕಾಕ್ಷನ್ ಬಣ್ಣ ಆಯಿತು. ಡಿಕಾಕ್ಷನ್ನೇ ಬಳಿದಿದ್ದರೋ ಏನೋ!

ಸ್ಟಿಕ್ಕರೂ ಬಿಟ್ಟಿತು. ನಾದಿನಿ ಪಕ್ಕದಲ್ಲಿ ನಿಂತು ಬಟ್ಟೆಯಲ್ಲಿ ಒರೆಸುತ್ತಿದ್ದಳು. ಕಪ್ಪು ಬೋರಲು ಹಾಕಿ ಕಿಟಕಿ ಬೆಳಕಿಗೆ ಹಿಡಿದಳು. “ಅತ್ತಿಗೆ, ಇದರಲ್ಲಿ ವೇವ್ ಸೇಫ್ ಅಂತಿದೆಯಲ್ಲ?”

ಇಸಿದುಕೊಂಡು ನೋಡಿದೆ. ತಳದಲ್ಲಿ ಸ್ಯಾಂಡ್ ಪೇಪರ್ ಹಾಕಿ ತಿಕ್ಕಿದ್ದಾರೆ. ಉಗುರಾಡಿಸಿದರೆ ಅಲ್ಲಿ ಮಾತ್ರ ತರಿತರಿ. ‘ಮೈಕ್ರೋ’ ಹೋಗಿದೆ, ಉಳಿದದ್ದು ಹೋಗಿಲ್ಲ. ಎಲ್ಲವನ್ನೂ ಬೋರಲು ಹಾಕಿದೆ. ಒಂದರಲ್ಲಂತೂ ಪೂರ್ತಿ ಇತ್ತು, ಮೈಕ್ರೋವೇವ್ ಸೇಫ್, ಅಕ್ಷರ ಬಿಡದ ಹಾಗೆ. ಮನೆಯಲ್ಲಿ ಮೇಜಿನ ಮೇಲಿಡುವ ಮೈಕ್ರೋವೇವ್ ಅಮೆರಿಕದಲ್ಲೇ ಮಾರಾಟಕ್ಕೆ ಬಂದದ್ದು 1967ರಲ್ಲಿ. ನಾದಿನಿ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಸಂಜೆಯೊಳಗೆ ಫ್ಯಾಮಿಲಿ ಗ್ರೂಪಿನಲ್ಲಿ ಫೋಟೋ. ಈಗ ನಮ್ಮ ಮಾವನವರೂ “ಏನಮ್ಮಾ, ಮಹಾರಾಣಿ ಕಪ್ಪಿನಲ್ಲಿ ಟೀ ಇಲ್ವಾ?” ಅನ್ನುತ್ತಾರೆ.

ಅವನಿಗೆ ಫೋಟೋ ಕಳಿಸಿದೆ. ಬಂದ ಉತ್ತರ ನೋಡಿ. “ಅದು ಕಂಪನಿ ಹೆಸರ್ರಿ ಅಕ್ಕಾರೇ. ಮೈಕ್ರೋವೇವ್ ಸೇಫ್ ಅಂತ ಹಳೇ ಇಂಗ್ಲೆಂಡ್ ಕಂಪನಿ.” ನಾನು ಇದನ್ನು ಸೃಷ್ಟಿ ಮಾಡಿ ಬರೆಯುತ್ತಿಲ್ಲ. ಇದೇ ಉತ್ತರ, ಇದೇ ಮಾತು. ಕಂಪನಿ ಹೆಸರಂತೆ!

ಬಂಗಾರ ಹೋಯಿತಲ್ಲ ಅಂದೆ. “ಆ್ಯಂಟಿಕ್ ಮಾಲನ್ನ ಯಾರು ತೊಳೀತಾರ್ರಿ? ಶೋಕೇಸಿನಾಗ ಇಡಬೇಕು.” ದುಡ್ಡು ವಾಪಸ್ ಕೊಡಿ ಅಂದೆ. “ನಾನೇನು ಕೈ ಹಿಡಿದು ಎಳ್ಕಂಡು ಬಂದು ಕೊಟ್ಟಿದ್ನಾ?”

ಆಗ ಒಂದು ಕೇಳಿದೆ. ನಿಮ್ಮ ಮಾತಿನಂತೆ 1890ರದ್ದೇ ಆದರೆ ನೂರು ವರ್ಷ ದಾಟಿದೆ. 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ನೂರು ವರ್ಷ ದಾಟಿದ ಇಂಥ ಕುಶಲ ವಸ್ತುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ನಿಮ್ಮ ಲೈಸೆನ್ಸ್ ತೋರಿಸಿ ಅಂದೆ. ಸ್ವಲ್ಪ ಹೊತ್ತು ‘ಟೈಪಿಂಗ್’ ಅಂತ ಬರುತ್ತಾ ಹೋಗುತ್ತಾ ಇತ್ತು. ಆಮೇಲೆ ಬಂತು: “ಅಷ್ಟೇನು ಹಳೇದಲ್ಲ ಬಿಡ್ರಿ ಅಕ್ಕಾರೇ.”

ಅಷ್ಟೇನು ಹಳೇದಲ್ಲವಂತೆ! ಹಾಗಾದರೆ ದುಡ್ಡು ಅಂದೆ. ಬ್ಲಾಕ್ ಮಾಡಿದ.

ಸ್ಟಿಕ್ಕರ್ ಕೀಳಲು ಬಿಡದವನ ಹತ್ತಿರ ಏನೂ ಕೊಳ್ಳಬೇಡಿ. ಬೋನ್ ಚೈನಾ ಅಂದರೆ ಮೂಳೆ ಬೂದಿ ಬೆರೆಸಿ ಮಾಡುವುದು, ಬೆಳಕಿಗೆ ಹಿಡಿದರೆ ಹಿಂದಿನ ಬೆರಳಿನ ನೆರಳು ಕಾಣಬೇಕು. ನನ್ನವುಗಳಲ್ಲಿ ಟಾರ್ಚ್ ಬಿಟ್ಟರೂ ಕಾಣಲ್ಲ. ಟಿಂಗ್ ಅನ್ನುವುದನ್ನು ನಂಬಬೇಡಿ, ಮಾಮೂಲಿ ಪಿಂಗಾಣಿಯೂ ಟಿಂಗ್ ಅನ್ನುತ್ತದೆ. ತಳದ ಉಂಗುರ ನೋಡಿ, ವರ್ಷಗಟ್ಟಲೆ ಬಸಿಯ ಮೇಲೆ ಕೂತು ಎದ್ದ ಕಪ್ಪಿಗೆ ಅಲ್ಲಿ ಸವೆತ ಇರುತ್ತದೆ. ಇಂಗ್ಲೆಂಡೇ ಬೇಕು ಅಂತ ಹಟ ಯಾಕೆ ಬೇಕಿತ್ತೋ! ನಮ್ಮ ಕಡೆ ಹಳೇ ಮನೆಗಳ ಅಟ್ಟದಲ್ಲಿ ಬೆಂಗಾಲ್ ಪಾಟರೀಸ್, ಗ್ವಾಲಿಯರ್ ಸೀಲಿನ ಕಪ್ಪು ಬಸಿ ನೋಡಿದ್ದೇನೆ, ಯಾರೂ ಕಥೆ ಕಟ್ಟಿ ಮಾರಲ್ಲ ಅವನ್ನು. ಬಿಲ್ ಕೇಳಿ, ಬಿಲ್ಲಿನಲ್ಲಿ ಇಸವಿ ಬರೆಸಿ. ಬರೆಯಲ್ಲ ಅಂದರೆ ಎದ್ದು ಬನ್ನಿ.

ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಫೋನ್‌ಪೇ ರಸೀದಿ, ಅವನ ಮೆಸೇಜು, ಆರೂ ಕಪ್ಪಿನ ತಳದ ಫೋಟೋ ಇಟ್ಟುಕೊಂಡಿದ್ದೇನೆ. ಇದೇ ಗುಲಾಬಿ ಹೂವಿನ ಸೆಟ್ಟು ನಿಮಗೂ ಯಾರಾದರೂ ‘ಕಲೆಕ್ಟರ್ ಬಂಗಲೆ’ ಅಂತ ಮಾರಿದ್ದರೆ ತಿಳಿಸಿ, ಒಟ್ಟಿಗೇ ದೂರು ಹಾಕೋಣ.