ಒಳಹೊಟ್ಟೆಯ ಸ್ನಾಯು ಕಲಿಸಲು: ಒತ್ತಡದ ಚೀಲವೋ, ಅಲ್ಟ್ರಾಸೌಂಡ್ ಪರದೆಯೋ?

ಸೊಂಟನೋವಿನವರಿಗೆ "ಹೊಟ್ಟೆ ಒಳಗೆಳೆದುಕೊಳ್ಳಿ" ಎಂದರೆ ಅರ್ಧ ಜನ ಉಸಿರು ಬಿಗಿಹಿಡಿಯುತ್ತಾರೆ. ಹೊಟ್ಟೆಯ ತೀರ ಆಳದ ಪದರವಾದ ಟ್ರಾನ್ಸ್‌ವರ್ಸಸ್ ಸ್ನಾಯು ಕೈಗೆ ಸುಲಭವಾಗಿ ಸಿಗುವುದಿಲ್ಲ. ಕಣ್ಣಿಗೆ ಕಾಣಿಸಿ ಕಲಿಸುವುದು ಅದಕ್ಕೇ.

ಒತ್ತಡದ ಚೀಲ ಎಂದರೆ ಮುಳ್ಳಿನ ಮಾಪಕವಿರುವ ಗಾಳಿಚೀಲ. ಅಗ್ಗ, ಬ್ಯಾಗಿನಲ್ಲಿ ಹಿಡಿಸುತ್ತದೆ. ಬೋರಲು ಮಲಗಿಸಿ, ಹೊಕ್ಕುಳು ಚೀಲದ ನಡುವೆ ಬರುವಂತೆ ಇಟ್ಟು 70 ಎಂಎಂ ಪಾದರಸದವರೆಗೆ ಗಾಳಿ ತುಂಬಿ. ಸ್ನಾಯು ಸರಿಯಾಗಿ ಒಳಸರಿದರೆ ಮುಳ್ಳು 6ರಿಂದ 10 ಎಂಎಂನಷ್ಟು ಇಳಿಯುತ್ತದೆ. 10 ಸೆಕೆಂಡ್ ಹಿಡಿದು, 10 ಸಲ. ಮುಳ್ಳು ಏರಿದರೆ ಹೊಟ್ಟೆ ಉಬ್ಬಿಸುತ್ತಿದ್ದಾರೆ ಎಂದರ್ಥ. ಮೋಸ ಇರುವುದು ಇಳಿತದಲ್ಲೇ: ಸೊಂಟ ತುಸು ಎತ್ತಿದರೂ ಮುಳ್ಳು ಇಳಿಯುತ್ತದೆ. ಹಾಗಾಗಿ ಒಂದು ಕೈ ಸೊಂಟದ ಮೇಲಿರಲಿ. ಅಂಗಾತ ಮಲಗಿ ಮಂಡಿ ಮಡಿಸಿದಾಗ ಚೀಲ ಸೊಂಟದಡಿಗೆ, ಒತ್ತಡ 40. ಕಾಲಾಡಿಸುವಾಗ ಅದು ಅಲುಗದಿರಬೇಕು.

ಅಲ್ಟ್ರಾಸೌಂಡ್ ಸ್ನಾಯುವನ್ನೇ ತೋರಿಸುತ್ತದೆ. ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಪ್ರೋಬ್ (ಮೈಗೆ ತಾಗಿಸುವ ಭಾಗ) ಅಡ್ಡಲಾಗಿಟ್ಟರೆ ಸ್ನಾಯುವಿನ ಮೂರು ಪದರ ಕಾಣುತ್ತವೆ. ಕೆಳಗಿನದು, ಅಂದರೆ ಟ್ರಾನ್ಸ್‌ವರ್ಸಸ್, ಮಾತ್ರ ದಪ್ಪಗಾಗಬೇಕು. ಮೂರೂ ಒಟ್ಟಿಗೆ ಉಬ್ಬಿದರೆ ಬಲ ಹೆಚ್ಚಾಯಿತು. ಪ್ರೋಬ್ ಒತ್ತಿಹಿಡಿದರೆ ಅಳತೆ ಸುಳ್ಳಾಗುತ್ತದೆ. ಭಾರತದಲ್ಲಿ ಈ ಯಂತ್ರಕ್ಕೆ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯ ನೋಂದಣಿಯ ತೊಡಕೂ ಇದೆ.

ಸಣ್ಣ ಕ್ಲಿನಿಕ್, ಮನೆ ಅಭ್ಯಾಸಕ್ಕೆ ಚೀಲವೇ ಸಾಕು. ವಾರಗಟ್ಟಲೆ ಕಲಿತರೂ ಸ್ನಾಯು ಸಿಗದವರಿಗೆ ಪರದೆ.